ಹೂಜಿಯಲ್ಲಿ ಹನ್ನೊಂದು ಕರಿಕಾಳು

ಹೂಜಿ ನನ್ನ ಮನೆಯದು. ಕಾಳು ನನ್ನ ಹಿತ್ತಿಲಲ್ಲಿ ಬೆಳೆದದ್ದು. ಹೂಜಿಯನ್ನು ಅಟ್ಟದಿಂದ ಇಳಿಸೋಣ ಎಂಬ ಉಪಾಯವೂ ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರ ಮೇಲೋ ತಪ್ಪು ಹೊರಿಸಿದ ಹಾಗೆ ಆಗಬಾರದು.

ನಮ್ಮ ಬ್ರಾನ್ಯಾಲ್ತ ಲಿಯೋನ್ ಸೀಮೆಯ ಬೆಟ್ಟದ ಊರು. ಹೊಗೆಯಾಡುವ ಮನೆಗಳು ಹದಿನಾಲ್ಕು. ಆಗಸ್ಟ್ ತಿಂಗಳಲ್ಲಿ ಬಂದು ಕಿಟಕಿ ತೆರೆದು, ಮಾಂಸ ಸುಟ್ಟು ತಿಂದು, ಮತ್ತೆ ಬೀಗ ಹಾಕಿಕೊಂಡು ಹೋಗುವವರ ಮನೆಗಳು ಬೇರೆ ಇವೆ. ಅವು ಲೆಕ್ಕಕ್ಕಿಲ್ಲ. ಚಳಿಗಾಲದಲ್ಲಿ ಯಾವ ಚಿಮಣಿಯಿಂದ ಹೊಗೆ ಏಳುತ್ತದೋ ಆ ಮನೆಗೆ ಊರಸಭೆಯಲ್ಲಿ ಒಂದು ಮಾತು, ಒಂದು ಕೈ. ಮೇಯರು, ಸದಸ್ಯರು ಎಲ್ಲ ಕೆಳಗಿನ ದೊಡ್ಡ ಊರಿಗೆ. ನಮ್ಮಲ್ಲಿ ಊರೇ ಸಭೆ. ಗಂಟೆ ಬಾರಿಸಿದರೆ ಹದಿನಾಲ್ಕು ಮನೆಯವರೂ ಇಗರ್ಜಿಯ ಮುಂದಿನ ತೇಹೊ ಮರದ ಕೆಳಗೆ ಬಂದು ಕೂರಬೇಕು. ಬುಡದ ಸುತ್ತ ಕಲ್ಲುಗಳಿವೆ. ಒಂದೊಂದು ಮನೆಗೆ ಒಂದೊಂದು ಕಲ್ಲು. ನನ್ನದು ಮೂಡಣ ದಿಕ್ಕಿನದು, ನಡುವೆ ಸ್ವಲ್ಪ ಸವೆದಿದೆ. ಅದನ್ನು ಸವೆಸಿದ್ದು ನನ್ನ ಅಜ್ಜನೂ ಅಪ್ಪನೂ. ನಾನು ಕೂತದ್ದು ಐವತ್ತೆಂಟು ವರ್ಷ ಅಷ್ಟೇ.

ಆ ಮರವನ್ನು ಐದು ಜನ ಕೈಕೈ ಹಿಡಿದು ತಬ್ಬಬೇಕು. ಒಳಗೆ ಪೊಳ್ಳು, ಒಂದು ಕುರಿ ಮಲಗುವಷ್ಟು. ಎಲೆ ಕಪ್ಪು ಹಸಿರು, ಹಿಮ ಬಿದ್ದರೂ ಉದುರುವುದಿಲ್ಲ. ಕೆಂಪು ಹಣ್ಣಿನ ಸಿಹಿ ಚೀಪಿ ಬೀಜ ಉಗುಳಬೇಕು, ಬೀಜ ವಿಷ. ನನಗೆ ಇದನ್ನು ಕಲಿಸಿದ್ದು ತಾಯಿ. ತಂಗಿ ಒಬ್ದೂಲಿಯಾಗೆ ಕಲಿಸಿದ್ದು ನಾನು.

ಹೋದ ಅಕ್ಟೋಬರಿನಲ್ಲಿ ಎರಡು ಕಾಗದ ಒಂದೇ ವಾರ ಬಂದವು. ಒಂದು ರಸ್ತೆಯವರದ್ದು. ಕೆಳಗಿನಿಂದ ಬರುವ ರಸ್ತೆ ಇಗರ್ಜಿಯ ಗೋಡೆಗೂ ತೇಹೊ ಮರಕ್ಕೂ ನಡುವೆ ನುಸುಳಿ ಮೇಲಿನ ಕೇರಿಗೆ ಹೋಗುತ್ತದೆ. ಆ ಸಂದಿ ಎತ್ತಿನ ಗಾಡಿಯ ಕಾಲದ ಅಳತೆ. ವಸಂತದಲ್ಲಿ ಅಗಲ ಮಾಡಿಕೊಡುತ್ತೇವೆ, ಆದರೆ ಮರ ಊರಿನ ಜಾಗದಲ್ಲಿದೆ, ಊರಿನವರೇ ತೆರವು ಮಾಡಬೇಕು ಎಂದು ಅದರಲ್ಲಿತ್ತು. ಇನ್ನೊಂದು ಕಾಗದ ತಂದವಳು ಐನೋವ ಎಂಬ ಹುಡುಗಿ, ಪ್ರಾಂತ್ಯದ ಪರಂಪರೆ ಕಚೇರಿಯವಳು. ಟೇಪು ಹಿಡಿದು ಮರ ಅಳೆದಳು, ತೊಗಟೆಗೆ ಕೆನ್ನೆ ಇಟ್ಟಳು. ಇಗರ್ಜಿಗಿಂತ ಮರವೇ ಹಳೆಯದು ಅಂದಳು. ಊರಸಭೆ ಬೇಕು ಎಂದು ಕೇಳಿದರೆ ಮರವನ್ನು ಸಂರಕ್ಷಣೆಯ ಪಟ್ಟಿಗೆ ಸೇರಿಸಬಹುದು, ಆಮೇಲೆ ಯಾರೂ ಒಂದು ರೆಂಬೆ ಮುಟ್ಟುವ ಹಾಗಿಲ್ಲ. ರಸ್ತೆಯೂ ಇದ್ದ ಹಾಗೇ ಇರುತ್ತದೆ. ಎರಡರಲ್ಲಿ ಒಂದು. ತಿಂಗಳ ಕೊನೆಯೊಳಗೆ ಹೇಳಬೇಕು.

ಇದರಲ್ಲಿ ಯೋಚಿಸುವಂಥದ್ದು ಏನಿದೆ? ನನಗೆ ಹಾಗನ್ನಿಸಿತು. ಆ ದಿನ ಯೂತಿಮಿಯೊನ ಮದ್ಯದಂಗಡಿಯಲ್ಲಿ ಕೂತವರಿಗೆಲ್ಲ ಹಾಗೇ ಅನ್ನಿಸಿದಂತಿತ್ತು.

"ಆ ಮರಕ್ಕೆ ಕೊಡಲಿ ಹಾಕೋ ಕೈ ಒಣಗಿ ಹೋಗ್ಲಿ," ಅಂದ ತಾರ್ಸಿಸಿಯೊ. ಅವನು ನನ್ನ ಓರಗೆಯವನು, ಕಟ್ಟಿಗೆ ಕೊಯ್ಯುವವನು. ಬಾಯಿ ದೊಡ್ಡದು.

"ನಿನ್ನ ಕೈ ಆಗ್ಲೇ ಒಣಗೈತಲ್ಲೋ, ಗ್ಲಾಸು ಎತ್ತೋಕೆ ಬಿಟ್ರೆ ಇನ್ನೇನಕ್ಕೂ ಏಳಲ್ಲ," ಅಂದ ಯೂತಿಮಿಯೊ.

"ಏಳುತ್ತೆ ಕಣೋ, ಭಾನುವಾರ ನೋಡು. ಮರಕ್ಕೆ ಅಂತ ಎರಡೂ ಕೈ ಎತ್ತೀನಿ."

ಎಲ್ಲರೂ ನಕ್ಕರು. ಐನೋವ ನಮ್ಮ ಜೊತೆ ಕೂತು ಗಿಣ್ಣು ತಿನ್ನುತ್ತಿದ್ದಳು. ನನ್ನ ಕಡೆ ತಿರುಗಿ, "ಅಜ್ಜಾ, ಮೊದಲಿಂದಲೂ ಕೈ ಎತ್ತಿಯೇ ತೀರ್ಮಾನ ಮಾಡ್ತಿದ್ರಾ?" ಎಂದು ಕೇಳಿದಳು.

ಅಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ. ನನ್ನ ಅಜ್ಜನ ಕಾಲದಲ್ಲಿ ಹೂಜಿ ಇತ್ತು ಎಂದೆ. ಒಬ್ಬೊಬ್ಬರಿಗೂ ಒಂದು ಬಿಳಿ ಕಾಳು, ಒಂದು ಕರಿ ಕಾಳು ಕೊಡುತ್ತಿದ್ದರು. ಇಗರ್ಜಿಯ ಮೊಗಸಾಲೆಯಲ್ಲಿ ಹೂಜಿ. ಒಬ್ಬರೇ ಒಳಗೆ ಹೋಗಿ, ಮುಷ್ಟಿಯನ್ನು ಬಾಯೊಳಗೆ ಇಳಿಸಿ, ಒಂದು ಕಾಳು ಬಿಟ್ಟು ಬರಬೇಕು. ಬಿಳಿ ಅಂದರೆ ಹೌದು, ಕರಿ ಅಂದರೆ ಬೇಡ. ಉಳಿದ ಕಾಳನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋಗಿ ಒಲೆಗೆ ಹಾಕಿಬಿಡಬೇಕು. ಯಾರೂ ಯಾರದ್ದೂ ನೋಡುವ ಹಾಗಿಲ್ಲ. ಅಂತರ್ಯುದ್ಧ ಮುಗಿದ ಮೇಲೆ ಟೋಪಿಯವರು, ಅಂದರೆ ಸರ್ಕಾರದ ಪೊಲೀಸರು, ಬಂದು, ಗುಟ್ಟಿನ ವ್ಯವಹಾರ ಸಾಕು, ಕೈ ಎತ್ತಿ, ನಾವು ನೋಡಬೇಕು ಎಂದರು. ಹೂಜಿ ನಮ್ಮ ಅಟ್ಟ ಸೇರಿತು. ಟೋಪಿಯವರು ಹೋದರು, ಅವರನ್ನು ಕಳಿಸಿದ್ದ ಸರ್ವಾಧಿಕಾರಿ ಸತ್ತ, ನಾಡಿಗೆಲ್ಲ ಮತಪೆಟ್ಟಿಗೆ ಬಂತು. ನಮ್ಮೂರಲ್ಲಿ ಮಾತ್ರ ಕೈ ಹಾಗೇ ಉಳಿಯಿತು. ಯಾರಿಗೂ ಅದು ನೆನಪಾಗಲೇ ಇಲ್ಲ.

ಹುಡುಗಿಯ ಕಣ್ಣು ಹೊಳೆದವು. "ಹೂಜಿ ಇನ್ನೂ ಇದೆಯಾ?"

"ಇದೆ. ಭಾನುವಾರ ಅದರಲ್ಲೇ ಮಾಡೋಣ," ಎಂದುಬಿಟ್ಟೆ.

ನೇಲಿದ ಗಲ್ಲದ ಮೇಲೆ ಕೈ ಇಟ್ಟಳು. ಅವಳು ನಮ್ಮೂರ ಮುಖ್ಯಸ್ಥೆ. ನಲವತ್ತು ದಾಟಿದವಳು, ಜೇನು ಸಾಕುತ್ತಾಳೆ. ಹೆಚ್ಚು ಮಾತಿಲ್ಲ.

"ಕೈ ಎತ್ತಿದ್ರೆ ಸಾಕಲ್ವಾ ಮಾವ? ಎಲ್ರದ್ದೂ ಒಂದೇ ಮಾತಂತೆ. ಸುಮ್ನೆ ಯಾಕೆ ಹೂಜಿ?"

"ಒಂದೇ ಮಾತು ಇದ್ಮೇಲೆ ಹೂಜಿ ಆದ್ರೇನು, ಬಕೆಟ್ ಆದ್ರೇನು? ಈ ಹುಡುಗಿಗೂ ಒಂಚೂರು ತೋರಿಸೋಣ, ನಮ್ಮೋರು ಹೆಂಗೆ ಬದುಕಿದ್ರು ಅಂತ."

ನೇಲಿದ ನನ್ನನ್ನು ಒಂದು ಗಳಿಗೆ ನೋಡಿದಳು. ಅವಳಿಗೆ ಆಗಲೇ ಏನೋ ಗೊತ್ತಿತ್ತೇ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ.

ಭಾನುವಾರ ಪೂಜೆ ಮುಗಿಯಿತು, ಪಾದ್ರಿ ಮುಂದಿನ ಊರಿಗೆ ಕಾರು ಹತ್ತಿದರು. ನಾನು ಹೂಜಿಯನ್ನು ಬೂದಿ ಹಾಕಿ ಉಜ್ಜಿ ತಂದಿದ್ದೆ. ಹೊಟ್ಟೆಯ ಮೇಲೆ ಹಸಿರು ಬಳ್ಳಿ, ಬಾಯಲ್ಲಿ ಒಂದು ಚಿಕ್ಕ ಸೀಳು. ಎಲ್ಲರೂ ಟೋಪಿ ತೆಗೆದು ಅವರವರ ಕಲ್ಲಿನ ಮೇಲೆ ಕೂತರು. ನೇಲಿದ ಕೇಳಬೇಕಾದ್ದನ್ನು ಜೋರಾಗಿ ಓದಿದಳು: ತೇಹೊ ಮರವನ್ನು ಪಟ್ಟಿಗೆ ಸೇರಿಸಿ ಎಂದು ಊರು ಕೇಳಬೇಕೇ? ಕೇಳಬೇಕು ಎಂದರೆ ಬಿಳಿ, ಬೇಡ ಎಂದರೆ ಕರಿ. ಮರ ಉಳಿಯುವುದಕ್ಕೆ ಬಿಳಿ, ರಸ್ತೆಗೆ ಕರಿ. ಮೂರು ಸಲ ಓದಿದಳು. ಅರ್ಥವಾಗದವರು ಹೇಳಿ ಎಂದಳು. ಯಾರೂ ಹೇಳಲಿಲ್ಲ. ಇದನ್ನು ಬಿಡಿಸಿ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ಕೆಲವರು ಬಣ್ಣ ತಿಳಿಯದೆ ಹೋಯಿತೇನೋ ಎಂದು ರಾಗ ಎಳೆದರು. ಬಣ್ಣ ಎಲ್ಲರಿಗೂ ತಿಳಿದಿತ್ತು.

ಒಬ್ಬೊಬ್ಬರಾಗಿ ಹೋದರು, ಬಂದರು. ಒಬ್ದೂಲಿಯ ಹೋಗುವಾಗ ನನ್ನ ಭುಜ ಮುಟ್ಟಿ ಹೋದಳು. ಕೊನೆಯವನು ನಾನು. ನನ್ನ ಬಿಳಿ ಕಾಳು ಉಳಿದ ಕಾಳುಗಳ ಮೇಲೆ ಬಿದ್ದ ಸಣ್ಣ ಸದ್ದು ಕೇಳಿ ಹಿಗ್ಗಿದೆ.

ನೇಲಿದ ಹೂಜಿಯನ್ನು ನನ್ನ ಕಲ್ಲಿನ ಮೇಲೆ ಹಾಸಿದ ಬಿಳಿ ಬಟ್ಟೆಗೆ ಬಗ್ಗಿಸಿದಳು.

ಮೊದಲು ಬಿದ್ದದ್ದು ನನ್ನ ಬಿಳಿ. ಆಮೇಲೆ ಕರಿ. ಕರಿ. ಕರಿ. ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಬಿಳಿ. ಮತ್ತೆ ಕರಿ, ಎರಡು ಒಟ್ಟಿಗೆ. ನೇಲಿದ ಹೂಜಿಯ ತಳ ತಟ್ಟಿದಳು. ಕಾಳುಗಳು ಬಟ್ಟೆಯ ಮೇಲೆ ಕುರಿಯ ಹಿಕ್ಕೆಯ ಹಾಗೆ ಉರುಳಿದವು. ಅವಳು ಬೆರಳಿನಿಂದ ಬೇರೆ ಮಾಡಿದಳು. ಈ ಕಡೆ ಮೂರು, ಆ ಕಡೆ ಹನ್ನೊಂದು.

"ಬಿಳಿ ಮೂರು. ಕರಿ ಹನ್ನೊಂದು," ಅಂದಳು. ಸ್ವರ ಏರಲಿಲ್ಲ, ಇಳಿಯಲಿಲ್ಲ.

ನನ್ನ ಕಿವಿಯೊಳಗೆ ನೀರು ಹೊಕ್ಕ ಹಾಗಾಯಿತು. ಐನೋವಳ ಕೈಯಲ್ಲಿ ಚಿತ್ರ ತೆಗೆಯುತ್ತಿದ್ದ ಫೋನು ಮೆಲ್ಲಗೆ ಇಳಿದು ಮಡಿಲಿಗೆ ಬಂತು. ನಾನು ಮುಖಗಳನ್ನು ನೋಡಿದೆ. ಹದಿಮೂರು ಮುಖ, ಹುಟ್ಟಿದಾಗಿನಿಂದ ನೋಡಿದವು, ಯಾರ ಹಲ್ಲು ಯಾವಾಗ ಬಿತ್ತು ಎಂದು ಹೇಳಬಲ್ಲೆ. ಒಂದು ಮುಖವೂ ನನಗೆ ಏನೂ ಹೇಳಲಿಲ್ಲ. ಎಲ್ಲರೂ ನನ್ನಷ್ಟೇ ಬೆಚ್ಚಿಬಿದ್ದಂತೆ ಕಾಣುತ್ತಿದ್ದರು. ನನ್ನನ್ನು ತಣ್ಣಗೆ ಕೊರೆದದ್ದು ಅದೇ. ಕರಿ ಹಾಕಿದವರೂ ಬೆಚ್ಚಿಬಿದ್ದಿದ್ದರು.

"ಇನ್ನೊಂದ್ಸಲ ಎಣಿಸು," ಅಂದೆ.

ನೇಲಿದ ಎಣಿಸಿದಳು. ಕಾಳುಗಳು ಬದಲಾಗಲಿಲ್ಲ.

ಆ ಮಧ್ಯಾಹ್ನ ಅಂಗಡಿಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನಗಬೇಕೋ ಅಳಬೇಕೋ ತಿಳಿಯದು. ಮೊದಲು ಬಾಯಿ ಬಿಟ್ಟವನು ತಾರ್ಸಿಸಿಯೊ.

"ನನ್ನ ಕಡೆ ಯಾಕೆ ನೋಡ್ತೀರಿ? ನಾನು ಬಿಳಿ ಹಾಕಿದ್ದು."

"ನಾನೂ ಬಿಳಿ," ಅಂದ ಯೂತಿಮಿಯೊ, ಗ್ಲಾಸು ಒರೆಸುತ್ತ. ಒರೆಸಿದ್ದನ್ನೇ ಒರೆಸುತ್ತಿದ್ದ.

"ನಮ್ಮನೇದೂ ಬಿಳೀನೇ."

"ತಾಯಾಣೆ ಬಿಳಿ."

"ಯಾವ ದ್ರೋಹಿ ಹಾಕಿದ್ನೋ ಕರಿ! ನಾನಂತೂ ಬಿಳಿ."

ನಾನು ಬೆರಳು ಮಡಿಸಿದೆ. ಆರು, ಏಳು, ಎಂಟು. ಅಂಗಡಿಯಲ್ಲಿದ್ದವರು ಹನ್ನೊಂದು ಜನ. ಹನ್ನೊಂದು ಜನರೂ ಬಿಳಿ ಹಾಕಿದ್ದರು.

"ಹಂಗಾದ್ರೆ ಉಳಿದ ಕಾಳು ತೋರಿಸ್ರಪ್ಪ," ಅಂದೆ. "ಬಿಳಿ ಹಾಕಿದೋರ ಜೇಬಲ್ಲಿ ಕರಿ ಇರ್ಬೇಕು. ಇಗೋ, ನಂದು." ನನ್ನ ಕರಿ ಕಾಳನ್ನು ಮೇಜಿನ ಮೇಲೆ ಇಟ್ಟೆ. ಹಾಗೆ ಕೇಳುವುದು ಪದ್ಧತಿಗೆ ವಿರುದ್ಧ, ನನ್ನ ಅಜ್ಜ ಇದ್ದಿದ್ದರೆ ಕೆನ್ನೆಗೆ ಬಾರಿಸುತ್ತಿದ್ದ. ಸಿಟ್ಟು ಬಂದಿತ್ತು.

ಎಲ್ಲರೂ ಜೇಬು ತಡವಿದರು. ತಡವಿದ್ದು ನೋಡಬೇಕಿತ್ತು.

"ಒಲೆಗೆ ಹಾಕಾಯ್ತು, ನೀನೇ ಹೇಳಿದ್ಯಲ್ಲ ಹಾಕ್ಬೇಕು ಅಂತ."

"ನಂದು ಜೇಬು ತೂತು."

"ನನ್ನ ಕಾಳು ಕೋಳಿ ತಿಂತು," ಅಂದ ತಾರ್ಸಿಸಿಯೊ.

"ಯಾವ ಕೋಳಿಯೋ? ನಿನ್ನ ಕೋಳಿಗಳನ್ನ ಈಸ್ಟರ್‌ನಲ್ಲೇ ನರಿ ಹೊತ್ಕೊಂಡು ಹೋಯ್ತಲ್ಲ," ಅಂದ ಯೂತಿಮಿಯೊ.

"ನೆರೆಮನೆ ಕೋಳಿ ಕಣೋ, ನೆರೆಮನೇದು!"

ಯಾರೋ ಒಬ್ಬರು ಕಿಸಕ್ಕೆಂದರು, ತಕ್ಷಣ ನಿಲ್ಲಿಸಿದರು. ನಾನು ನನ್ನ ಕಾಳನ್ನು ಎತ್ತಿಕೊಂಡು ಹೊರಗೆ ಬಂದೆ. ಊರಿನಲ್ಲಿ ಹೊಸಬರು ಬಂದು ನೆಲೆಸಿದ ಹಾಗಿತ್ತು. ನಮ್ಮವರ ಬಟ್ಟೆ ಹಾಕಿಕೊಂಡು, ನಮ್ಮವರ ಕಲ್ಲಿನ ಮೇಲೆ ಕೂತ ಹೊಸಬರು.

ಮಾರನೆಯ ದಿನ ಐನೋವ ಫೋನು ಮಾಡಿದಳು. ಅತ್ತಿದ್ದಳು ಎಂದು ಗಂಟಲಿನಿಂದ ಗೊತ್ತಾಗುತ್ತಿತ್ತು.

"ಅಜ್ಜಾ, ಇದನ್ನ ತಡೀಬಹುದು. ಸಭೆಯ ನಿಯಮ ಓದಿದೆ. ಅದರಲ್ಲಿ ಕೈ ಎತ್ತಬೇಕು ಅಂತ ಮಾತ್ರ ಇದೆ, ಹೂಜಿಯ ಮಾತೇ ಇಲ್ಲ. ಹೂಜಿ ಕ್ರಮಬದ್ಧವಲ್ಲ ಅಂತ ಎರಡು ಮನೆಯವರು ರುಜು ಹಾಕಿ ಕೊಟ್ರೆ ಸಾಕು, ಭಾನುವಾರದ್ದು ರದ್ದಾಗುತ್ತೆ. ಮತ್ತೆ ಕೈ ಎತ್ತಿಸ್ತಾರೆ. ಕೈ ಎತ್ತೋದಾದ್ರೆ..."

"ಕೈ ಎತ್ತೋದಾದ್ರೆ ಎಲ್ರೂ ಮರಕ್ಕೇ ಎತ್ತುತಾರೆ," ಅಂದೆ.

"ಹೌದಲ್ವಾ?"

ಹೌದು. ಅದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಹಗಲು ಬೆಳಕಿನಲ್ಲಿ, ಮರದ ಕೆಳಗೇ ಕೂತು, ನನ್ನ ಮುಖ ನೋಡುತ್ತ, ಮರ ಬೇಡ ಎನ್ನುವ ಗಂಡಸು ಹೆಂಗಸು ನಮ್ಮೂರಲ್ಲಿ ಇಲ್ಲ. ಕಾಗದ ಮಂಗಳವಾರ ರೊಟ್ಟಿ ಮಾರುವ ವ್ಯಾನಿನಲ್ಲಿ ಬಂತು. ಕೆಳಗೆ ಎರಡು ಗೆರೆ. ಒಂದರ ಮೇಲೆ ನಾನು ನನ್ನ ಹೆಸರು ಬರೆದೆ. ಅರ್ಹಿಮಿರೊ ಎಂದು ಬರೆಯಲು ನನಗೆ ಹೊತ್ತು ಬೇಕು, ಶಾಲೆಗೆ ನಾಲ್ಕು ಚಳಿಗಾಲ ಹೋದವನು ನಾನು. ಇನ್ನೊಂದು ಗೆರೆಗೆ ಯಾರು? ಯೋಚಿಸಬೇಕಾಗಿರಲಿಲ್ಲ. ಹದಿಮೂರರಲ್ಲಿ ಒಬ್ಬಳ ಬಗ್ಗೆ ನನಗೆ ಎಳ್ಳಷ್ಟೂ ಸಂಶಯ ಇರಲಿಲ್ಲ.

ಒಬ್ದೂಲಿಯಾಳದ್ದು ಮೇಲಿನ ಕೇರಿಯ ಕೊನೆಯ ಮನೆ. ಏರು ಹತ್ತುವಷ್ಟರಲ್ಲಿ ಎರಡು ಕಡೆ ನಿಂತೆ. ಅವಳು ಅಡುಗೆಮನೆಯಲ್ಲಿ ಅಗ್ಗಿಷ್ಟಿಕೆಗೆ ಬೆಂಕಿ ಹಾಕಿ ಚೆಸ್ಟ್‌ನಟ್ ಕಾಯಿ ಸುಡುತ್ತಿದ್ದಳು.

"ಬಾ ಅಣ್ಣ. ಬಾಗ್ಲು ಹಾಕು, ಚಳಿ ಬರುತ್ತೆ."

ನಾನು ಕಾಗದದ ಮಾತು ಹೇಳಿದೆ. ಒಂದು ರುಜು ಹಾಕಿದರೆ ಮರ ಉಳಿಯುತ್ತದೆ ಎಂದೆ. ಅವಳು ಕಾಯಿಗಳನ್ನು ತಿರುವಿ ಹಾಕುತ್ತ ಕೇಳಿದಳು. ನಾನು ಪೆನ್ನು ಇಡಲು ಕಿಟಕಿಯ ಕಟ್ಟೆಯ ಕಡೆ ಕೈ ಚಾಚಿದೆ. ಅಲ್ಲಿ ಅವಳ ಕನ್ನಡಕ ಇತ್ತು, ಗಂಡ ಲಿಯೋನ್ಸಿಯೊನ ನಿಂತುಹೋದ ಕೈಗಡಿಯಾರ ಇತ್ತು, ಅದರ ಪಕ್ಕ ಒಂದು ಕಾಳು ಇತ್ತು.

ಬಿಳಿ ಕಾಳು.

ನಾನು ಅದನ್ನೇ ನೋಡುತ್ತ ನಿಂತೆ. ಉಳಿದದ್ದು ಬಿಳಿ. ಹಾಗಾದರೆ ಹೂಜಿಗೆ ಬಿದ್ದದ್ದು? ನನ್ನ ತಲೆ ಅಲ್ಲಿಗೆ ಹೋಗಲು ಒಪ್ಪಲಿಲ್ಲ. ಬೇರೆ ಕಾಳಿರಬೇಕು, ಅಡುಗೆಯದ್ದಿರಬೇಕು ಎಂದಿತು. ಆದರೆ ಕಾಳು ನನ್ನ ಹಿತ್ತಿಲದ್ದು. ಹೊಕ್ಕುಳಿನ ಹತ್ತಿರ ಹಳದಿ ಚುಕ್ಕೆ ಇರುವ ಆ ತಳಿ ಬೇರೆಯವರ ಮನೆಯಲ್ಲಿ ಇಲ್ಲ.

"ಒಲೆಗೆ ಹಾಕೋಕೆ ಮನಸ್ಸಾಗ್ಲಿಲ್ಲ," ಅಂದಳು ಒಬ್ದೂಲಿಯ. ತಿರುಗಿ ಕೂಡ ನೋಡಲಿಲ್ಲ. "ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು. ಬಚ್ಚಿಡೋದು ಬೇಡ ಅನ್ಸ್ತು."

"ನೀನಾ?"

"ನಾನೇ."

"ಒಬ್ದೂಲಿಯಾ, ಆ ಮರದ ಕೆಳಗೆ ನಿನ್ನ ಆಡಿಸಿದೀನಿ ನಾನು."

"ಆಡಿಸಿದೀಯ. ಅದೇ ಮರದ ಕೆಳಗೆ ನನ್ನ ಗಂಡ ಸತ್ತ."

ನಾನು ಕುರ್ಚಿ ಎಳೆದು ಕೂತೆ.

ಲಿಯೋನ್ಸಿಯೊ ಸತ್ತದ್ದು ಮೂರು ವರ್ಷದ ಹಿಂದಿನ ಜನವರಿ. ಆ ಕಥೆಯನ್ನು ಅಂಗಡಿಯಲ್ಲಿ ನಾನು ಎಷ್ಟು ಸಲ ಹೇಳಿದ್ದೇನೋ. ಬೆಳಿಗ್ಗೆ ಎದೆನೋವು ಬಂತು. ಆಂಬುಲೆನ್ಸು ಬಂತು, ಇಗರ್ಜಿಯ ಸಂದಿಯಲ್ಲಿ ತೂರಲಿಲ್ಲ, ಮರದ ಆಚೆ ನಿಂತಿತು. ಅವರ ಗಾಲಿಮಂಚ ಆ ಏರಿನಲ್ಲಿ, ಆ ಮಂಜುಗಡ್ಡೆಯಲ್ಲಿ ನಡೆಯಲಿಲ್ಲ. ಆಗ ನಾವು ನಾಲ್ಕು ಜನ ಏಣಿಗೆ ಕಂಬಳಿ ಬಿಗಿದು ಅವನನ್ನು ಹೊತ್ತು ಇಳಿದೆವು. ಎಂಬತ್ತರ ನಾನು ಮುಂದೆ. ಹದಿನೈದು ನಿಮಿಷದಲ್ಲಿ ಇಳಿಸಿದೆವು, ಒಬ್ಬನ ಕಾಲೂ ಜಾರಲಿಲ್ಲ. ಏಣಿಯ ಮೇಲಿಂದ ಲಿಯೋನ್ಸಿಯೊ, "ನಿಧಾನ ಕಣ್ರೋ, ರಾಜನ ಮೆರವಣಿಗೆ ಇದು" ಎಂದು ನಗಿಸಿದ. ಮರದ ಹತ್ತಿರ ಬರುವಷ್ಟರಲ್ಲಿ ನೆಮ್ಮದಿಯಾಗಿ ಕಣ್ಣು ಮುಚ್ಚಿದ. ಅವನ ಕಾಲ ಮುಗಿದಿತ್ತು, ಯಾರೇನು ಮಾಡಲು ಸಾಧ್ಯ. ಇದು ನಾನು ಹೇಳುವ ಕಥೆ. ಅದನ್ನು ಒಬ್ದೂಲಿಯಾಳ ಮುಂದೆಯೂ ಹೇಳಿದ್ದೇನೆ.

"ನಾವು ಹೊತ್ತು ತಂದ್ವಲ್ಲೇ," ಅಂದೆ. "ಕಾಲು ಗಂಟೇಲಿ."

"ನಲವತ್ತು ನಿಮಿಷ."

"ಎಲ್ಲಿ ನಲವತ್ತು..."

"ನಲವತ್ತು ನಿಮಿಷ ಅಣ್ಣ. ಅವರ ಗಡಿಯಾರ ನನ್ನ ಕೈಯಲ್ಲಿತ್ತು. ಅದೇ, ಅಲ್ಲಿದೆಯಲ್ಲ, ಅದು." ಅವಳು ಸುಟ್ಟ ಕಾಯಿಗಳನ್ನು ಬಟ್ಟೆಗೆ ಸುರಿದು ಸುತ್ತಿದಳು. "ರಾಜನ ಮೆರವಣಿಗೆ ಅಂದಿದ್ದು ಬಾಗಿಲಲ್ಲಿ. ಎತ್ತಿದ ತಕ್ಷಣ. ಆಮೇಲೆ ಅಂದಿದ್ದು ನಿನಗೆ ಕೇಳಿಸ್ಲಿಲ್ಲ. ನೀನು ಮುಂದೆ ಇದ್ದೆ, ಬೆನ್ನು ಅವರ ಕಡೆಗಿತ್ತು, ಏದುಸಿರು ಬಿಡ್ತಾ ಇದ್ದೆ. ನಾನು ತಲೆ ಹತ್ರ ನಡೀತಿದ್ದೆ."

"ಏನಂದ?"

"ಇನ್ನೆಷ್ಟು ದೂರ ಅಂದ್ರು. ಆಂಬುಲೆನ್ಸಿನ ದೀಪ ಕಾಣ್ತಿತ್ತು, ಎಲೆ ಸಂದೀಲಿ ನೀಲಿಯಾಗಿ ಸುತ್ತುತ್ತಾ. ಅದನ್ನೇ ನೋಡ್ತಾ, ಯಾಕೆ ಬರ್ತಿಲ್ಲ, ಯಾಕೆ ಅಲ್ಲೇ ನಿಂತಿದೆ ಅಂತ ಕೇಳ್ತಾನೇ ಇದ್ರು. ಮಗು ಥರ. ನಾನು ಬಂತು, ಬಂತು ಅಂತಿದ್ದೆ. ನೀವು ಸುಸ್ತಾಗಿ ಏಣೀನ ಸಭೆ ಕಲ್ಲಿನ ಮೇಲೆ ಇಟ್ರಲ್ಲ, ನೆನಪಿದ್ಯಾ? ನಿನ್ನ ಕಲ್ಲಿನ ಮೇಲೇ. ಅಲ್ಲಿಂದ ಆಂಬುಲೆನ್ಸಿಗೆ ಹನ್ನೆರಡು ಹೆಜ್ಜೆ. ಅಲ್ಲೇ ಹೋಯ್ತು ಜೀವ."

ನನಗೆ ನೆನಪಿರಲಿಲ್ಲ. ನನ್ನ ಕಲ್ಲಿನ ಮೇಲೆ ಏಣಿ ಇಟ್ಟದ್ದು ನೆನಪಿರಲಿಲ್ಲ. ಐವತ್ತನೇ ಇಸವಿಯ ಹಿಮದಲ್ಲಿ ಯಾರ ಮನೆಯ ಯಾವ ಹಸು ಸತ್ತಿತು ಎಂದು ಹೇಳುವ ನಾನು, ಮೂರು ವರ್ಷದ ಹಿಂದೆ ನನ್ನ ಕೈಯಾರೆ ಇಳಿಸಿದ್ದನ್ನು ಮರೆತಿದ್ದೆ. ಮರೆತದ್ದೂ ಅಲ್ಲ. ಅದರ ಜಾಗದಲ್ಲಿ ಬೇರೆ ಇಟ್ಟುಕೊಂಡಿದ್ದೆ. ಆ ಬೇರೆಯದನ್ನೇ ಮೂರು ವರ್ಷ ಅವಳೆದುರು ಹೇಳಿ ನಗಿಸಲು ನೋಡಿದ್ದೆ.

"ಒಂದು ದಿನಾನಾದ್ರೂ ಬಾಯಿ ಬಿಡಬಾರದಿತ್ತಾ?"

"ಯಾರ ಹತ್ರ? ನೀನು ಆ ಕಥೆ ಹೇಳುವಾಗ ನಿನ್ನ ಮುಖ ನೋಡ್ಬೇಕಿತ್ತು. ಆಮೇಲೆ ಮರ. ಮರದ ಮಾತು ಬಂದ್ರೆ ಊರೆಲ್ಲ ಪೂಜಾರಿಗಳ ಥರ ಆಗ್ತೀರಿ. ಕೈ ಎತ್ತೋದಾಗಿದ್ರೆ ನಾನೂ ಎತ್ತುತಿದ್ದೆ ಅಣ್ಣ. ಎಲ್ಲರಿಗಿಂತ ಮೊದಲು ಎತ್ತುತಿದ್ದೆ, ನಿನ್ನ ಮುಖ ನೋಡ್ಕೊಂಡು. ನೀನೇ ಹೂಜಿ ತಂದೆ."

ಅವಳು ಬಟ್ಟೆ ಬಿಚ್ಚಿ ನಾಲ್ಕು ಕಾಯಿ ನನ್ನ ಮುಂದೆ ಇಟ್ಟಳು. "ಕೊಡು ಆ ಕಾಗದ. ನೀನು ಹಾಕು ಅಂದ್ರೆ ರುಜು ಹಾಕ್ತೀನಿ."

ಇದು ನಾನು ಎದುರು ನೋಡದ ಇನ್ನೊಂದು ಪೆಟ್ಟು. ಅವಳು ನಿಜವಾಗಿಯೂ ಹಾಕುತ್ತಿದ್ದಳು. ಕನ್ನಡಕ ತೆಗೆದುಕೊಂಡು ಕೈ ಚಾಚಿದಳು. ಒಂದು ಗೆರೆ ಎಳೆದರೆ ಮರ ಉಳಿಯುತ್ತಿತ್ತು. ಬೇರೆಯವರ ಕರಿಗಳ ಹಿಂದೆ ಏನಿದೆಯೋ ನನಗೆ ಗೊತ್ತಿಲ್ಲ, ಅವರಿಗೂ ಒಂದೊಂದು ನಲವತ್ತು ನಿಮಿಷ ಇದ್ದಿರಬೇಕು. ಆ ಹನ್ನೊಂದನ್ನೂ ನಾನು ಮತ್ತೆ ಬಾಯೊಳಗೆ ತುರುಕಿ, ಕೈ ಎತ್ತಿ ಎನ್ನಬಹುದಿತ್ತು. ಟೋಪಿಯವರು ನನ್ನ ಅಜ್ಜನಿಗೆ ಅಂದ ಹಾಗೆ.

ಕಾಗದವನ್ನು ಮಡಿಸಿ ಅಗ್ಗಿಷ್ಟಿಕೆಗೆ ಹಾಕಿದೆ. ಅದು ಉರಿದು ಬೂದಿಯಾಯಿತು. ಐನೋವಳಿಗೆ ಫೋನು ಮಾಡಿ ಹೇಳಿದಾಗ ಅವಳು, "ಅಜ್ಜಾ, ನಿಮ್ಮಿಂದ ಇದನ್ನ ನಿರೀಕ್ಷಿಸಿರಲಿಲ್ಲ," ಎಂದಳು. ನಾನೂ ನಿರೀಕ್ಷಿಸಿರಲಿಲ್ಲ ಎಂದೆ.

ತೆರವಿನ ಕೆಲಸ ನವೆಂಬರಿನ ಮೊದಲ ಶನಿವಾರಕ್ಕೆ ಗೊತ್ತಾಯಿತು. ಊರಿನ ಕೆಲಸಕ್ಕೆ ಮನೆಗೊಂದು ಆಳು ಬರಬೇಕು. ಅದಕ್ಕೆ ಒಂದು ಸರದಿಯ ಕೋಲು ಇದೆ, ಹದಿನಾಲ್ಕು ಗೀರು ಹಾಕಿದ್ದು. ಒಂದು ಕೆಲಸ ಮುಗಿದರೆ ಕೋಲು ಪಕ್ಕದ ಮನೆಯ ಬಾಗಿಲಿಗೆ ಹೋಗುತ್ತದೆ. ಕೋಲು ಇದ್ದ ಮನೆಯವನು ಗಂಟೆ ಬಾರಿಸಬೇಕು, ಮೊದಲ ಕೈ ಹಾಕಬೇಕು. ಹಳ್ಳದ ಕಾಲುವೆ ಹೂಳೆತ್ತಿದ ಮೇಲೆ ಯೂತಿಮಿಯೊ ಅದನ್ನು ತಂದು ನನ್ನ ಬಾಗಿಲಿಗೆ ಒರಗಿಸಿದ್ದ. ಯಾರೂ ಹೀಗೇ ಆಗಲಿ ಎಂದು ಮಾಡಿದ್ದಲ್ಲ, ಸರದಿಯೇ ಹಾಗಿತ್ತು.

ನೇಲಿದ ಗುರುವಾರ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತಳು.

"ಮಾವ, ಕೋಲು ಮುಂದಿನ ಮನೆಗೆ ಕೊಟ್ಬಿಡ್ತೀನಿ. ಯಾರೂ ಏನೂ ಅನ್ನಲ್ಲ."

"ಕೋಲು ಮನೆ ದಾಟಿ ಹೋಗೋದು ಆ ಮನೇಲಿ ಹೆಣ ಇದ್ರೆ ಮಾತ್ರ. ನಾನಿನ್ನೂ ಸತ್ತಿಲ್ಲ."

"ನಿಮ್ಗೆ ಕಷ್ಟ ಆಗುತ್ತೆ ಅಂತ..."

"ಆಗುತ್ತೆ. ಹೋಗು ನೀನು, ಜೇನು ನೋಡ್ಕೋ."

ಶನಿವಾರ ಒಂಬತ್ತಕ್ಕೆ ಗಂಟೆ ಬಾರಿಸಿದೆ. ಎರಡು ಹೊಡೆತ, ತಡೆದು ಒಂದು. ಬಿಸಿಲು ಬಿದ್ದಿತ್ತು, ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಹದಿನಾಲ್ಕು ಮನೆಯವರೂ ಬಂದರು, ಒಬ್ಬರೂ ತಪ್ಪಿಸಲಿಲ್ಲ. ಒಬ್ಬರ ಕೈಯಲ್ಲಿ ಕುಂಟೆ, ಇನ್ನೊಬ್ಬರದ್ದು ಬುಟ್ಟಿ. ಹಗ್ಗ ಮೂರು ಜನ ತಂದಿದ್ದರು. ಪೊರಕೆ ತಂದವರೂ ಇದ್ದರು. ಯೂತಿಮಿಯೊ ಕಾಫಿಯ ಫ್ಲಾಸ್ಕ್ ಹೊತ್ತು ತಂದಿದ್ದ. ನಿಂತರು. ನಿಂತೇ ಇದ್ದರು.

"ಗರಗಸ ಎಲ್ಲಿ?" ಎಂದಳು ನೇಲಿದ.

ಒಬ್ಬರ ಮುಖ ಒಬ್ಬರು ನೋಡಿದರು.

"ನೀನು ತರ್ತೀಯ ಅಂದ್ಕೊಂಡೆ."

"ನಾನ್ಯಾಕೆ ತರ್ಲಿ, ಮೋಟಾರು ಗರಗಸ ಇರೋದು ತಾರ್ಸಿಸಿಯೊ ಹತ್ರ."

"ಚೈನು ರಿಪೇರಿಗೆ ಹೋಗಿದೆ," ಅಂದ ತಾರ್ಸಿಸಿಯೊ. ತನ್ನ ಬೂಟಿನ ಜೊತೆ ಮಾತಾಡಿದ. "ಲಿಯೋನ್‌ಗೆ. ಸೋಮವಾರ ಬರುತ್ತೆ."

ಹಿಂದಿನ ದಿನ ಮಧ್ಯಾಹ್ನ ಅವನು ಅದರಲ್ಲೇ ಕಟ್ಟಿಗೆ ಕೊಯ್ಯುತ್ತಿದ್ದದ್ದು ಊರಿಗೆಲ್ಲ ಕೇಳಿಸಿತ್ತು. ಯಾರೂ ಆ ಮಾತೆತ್ತಲಿಲ್ಲ. ಹನ್ನೊಂದು ಕರಿ ಕಾಳು ಹಾಕಿದ ಊರಿನಲ್ಲಿ ಒಬ್ಬರೂ ಒಂದು ಗರಗಸ ತಂದಿರಲಿಲ್ಲ. ಪಾಪ, ಇವರು ಸೋಮವಾರ ಸೋಮವಾರ ಎನ್ನುತ್ತ ಇನ್ನೊಂದು ಏಣಿ ಹೊರುವವರೆಗೂ ಹೀಗೇ ನಿಂತಿರುತ್ತಾರೆ ಅನ್ನಿಸಿತು.

ನಾನು ಮೊಗಸಾಲೆಗೆ ಹೋಗಿ, ಬೆಳಿಗ್ಗೆಯೇ ತಂದು ಗೋಡೆಗೆ ಒರಗಿಸಿದ್ದನ್ನು ತೆಗೆದುಕೊಂಡು ಬಂದೆ. ಅಪ್ಪನ ಇಬ್ಬರು ಎಳೆಯುವ ಗರಗಸ. ಹಿಂದಿನ ದಿನವೆಲ್ಲ ಕೂತು ಅದರ ಹಲ್ಲು ಮಸೆದಿದ್ದೆ. ಒಂದು ಹಿಡಿ ಹಿಡಿದು, ರಸ್ತೆಯ ಕಡೆಯ ಬುಡಕ್ಕೆ ಅಲಗು ಇಟ್ಟೆ. ಇನ್ನೊಂದು ಹಿಡಿ ಗಾಳಿಯಲ್ಲಿ ಸುಮ್ಮನೆ ನಿಂತಿತ್ತು. ಎಲ್ಲರೂ ಆ ಹಿಡಿಯನ್ನು ನೋಡಿದರು. ಯಾರೂ ಹತ್ತಿರ ಬರಲಿಲ್ಲ.

ಒಬ್ದೂಲಿಯ ಬುಟ್ಟಿ ಕೆಳಗಿಟ್ಟಳು. ಏಪ್ರನ್ನಿಗೆ ಕೈ ಒರೆಸಿಕೊಂಡು ಬಂದು, ಆ ಕಡೆ ಮಂಡಿಯೂರಿ ಹಿಡಿದುಕೊಂಡಳು.

"ನೆನಪಿದ್ಯಾ, ಅಪ್ಪ ಹೇಳ್ತಿದ್ದಿದ್ದು?"

"ತಳ್ಳಬೇಡ. ಎಳಿ, ಆಮೇಲೆ ಬಿಡು."

"ಹಂ. ನೀನು ಎಳಿ, ನಾನು ಬಿಡ್ತೀನಿ."

ಎಳೆದೆ. ಬಿಟ್ಟೆ. ಅವಳು ಎಳೆದಳು. ತೊಗಟೆ ದಾಟಿದ ಮೇಲೆ ಪುಡಿ ಬಿಳಿಯಾಗಿ ಬಂತು, ಆಮೇಲೆ ಕೆಂಪಾಗಿ ಬಂತು, ಇಟ್ಟಿಗೆಯ ಹಾಗೆ. ಅವಳ ಮಂಡಿಯ ಮೇಲೆ, ನನ್ನ ಬೂಟಿನ ಮೇಲೆ ಬಿತ್ತು. ನನ್ನ ಕಣ್ಣಿಗೆ ಮಬ್ಬು ಕವಿಯಿತು.

"ಕಣ್ ಬಿಡು ಅಣ್ಣ, ಹಲ್ಲು ವಾರೆ ಹೋಗ್ತಿದೆ," ಅಂದಳು.

ಎರಡು ಬೆರಳಷ್ಟು ಆಳ ಹೋಗಿರಬೇಕು. ಯಾರೋ ಮೇಲಿನ ಕೇರಿಯ ಕಡೆ ಓಡಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ತಾರ್ಸಿಸಿಯೊ ಮೋಟಾರು ಗರಗಸ ಹೊತ್ತು ಬಂದು ನಮ್ಮ ಪಕ್ಕ ನಿಂತ. ಚೈನು ಅದರಲ್ಲೇ ಇತ್ತು. ಎಣ್ಣೆ ಹಚ್ಚಿತ್ತು. ಅವನ ದೊಡ್ಡ ಬಾಯಿ ನಡುಗುತ್ತಿತ್ತು.

"ಸಿಕ್ತಾ ಚೈನು?" ಅಂದೆ.

"ಸಿಕ್ತು," ಅಂದ. "ಸರೀರಿ ಇಬ್ರೂ. ನಾನು ಮಾಡ್ತೀನಿ. ಸಾಕು ಏಳ್ರಿ."

ನಾನು ಹಿಡಿ ಬಿಡಲು ಹೋದೆ. ಒಬ್ದೂಲಿಯ ಬಿಡಲಿಲ್ಲ. ತಲೆ ಎತ್ತದೆ, ಅವನನ್ನು ನೋಡದೆ, ತನ್ನ ಕಡೆಗೆ ಎಳೆದಳು. ಗರಗಸದ ಜೊತೆ ನನ್ನ ಕೈಯೂ ಹೋಯಿತು.

"ಇನ್ನೊಂದು ನಾಲ್ಕು," ಅಂದಳು. "ಎಳಿ."

ಎಳೆದೆ.